“ಒಂದ ಹಲ್ಲಿಗೆ ಮೂರ ಹಲ್ಲಿನ ರೊಕ್ಕ ಯಾಕ?” ಡೆಂಟಲ್ ಬ್ರಿಡ್ಜ್ ಹಾಕಿಸೋ ಮುಂಚೆ ಇದನ್ನ ಕೇಳಿ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

00:00 ನಾಲಿಗೆ ಓಡಿಸಿ ನೋಡಿ

ನೀವು ಗದಗ–ಗಜೇಂದ್ರಗಡ ಬಸ್ಸಲ್ಲಿ ಕಿಟಕಿ ಪಕ್ಕ ಕೂತಿರಬಹುದು, ಇಲ್ಲಾ ಇಯರ್‌ಫೋನ್ ಹಾಕ್ಕೊಂಡು ಮಲಗಿರಬಹುದು. ಎಲ್ಲೇ ಇರಿ, ಒಂದು ಸಣ್ಣ ಕೆಲಸ ಮಾಡಿ. ನಾಲಿಗೆಯನ್ನು ಎರಡೂ ಕಡೆಯ ದವಡೆ ಹಲ್ಲುಗಳ ಮೇಲೆ ಒಮ್ಮೆ ಓಡಿಸಿ. ಎಲ್ಲಾದ್ರೂ ಖಾಲಿ ಜಾಗ ಸಿಕ್ತಾ? ಸಿಕ್ಕಿದ್ರೆ ಇವತ್ತಿನ ಸಂಚಿಕೆ ನಿಮಗೇ. ಸಿಗಲಿಲ್ಲ ಅಂದ್ರೂ ಕೇಳಿ. ಮನೆಯಲ್ಲಿ ಯಾರಿಗಾದ್ರೂ ಉಪಯೋಗಕ್ಕೆ ಬರುತ್ತೆ.

ಒಂದು ಉದಾಹರಣೆ ಇಟ್ಕೊಳ್ಳೋಣ. ನರೇಗಲ್‌ನಲ್ಲಿ 24 ವರ್ಷದ ಒಬ್ಬ ಹುಡುಗ ಇದ್ದಾನೆ ಅಂದ್ಕೊಳ್ಳಿ. ಎರಡು ವರ್ಷದ ಹಿಂದೆ ಕೆಳಗಿನ ಒಂದು ದವಡೆ ಹಲ್ಲು ಹುಳುಕಾಗಿ, ನೋವು ತಡೆಯೋಕಾಗದೆ ಕೀಳಿಸಿಬಿಟ್ಟ. “ಒಳಗಿಂದು ಯಾರಿಗೆ ಕಾಣ್ತೈತಿ, ಬಿಡಲೇ” ಅಂದ್ರು ಗೆಳೆಯರು. ಅವನೂ ಬಿಟ್ಟ. ಈಗ ಖಡಕ್ ರೊಟ್ಟಿಯನ್ನ ಒಂದೇ ಕಡೆ ಅಗಿಯೋದು ರೂಢಿ ಆಗಿದೆ. ಖಾಲಿ ಜಾಗದಲ್ಲಿ ಊಟ ಸಿಕ್ಕಿಕೊಳ್ಳುತ್ತೆ. ಡಾಕ್ಟರ್ ಹತ್ರ ಹೋದ್ರೆ “ಬ್ರಿಡ್ಜ್ ಹಾಕಬಹುದು, ಮೂರು ಯೂನಿಟ್” ಅಂದ್ರು. ಮನೆಗೆ ಬಂದು ಹೇಳಿದಾಗ ಅವ್ವ ಕೇಳಿದ್ದು ಒಂದೇ ಪ್ರಶ್ನೆ: “ಹೋಗಿದ್ದು ಒಂದ ಹಲ್ಲು. ಮೂರ ಹಲ್ಲಿನ ರೊಕ್ಕ ಯಾಕ ಕೊಡಬೇಕೋ?”

ಅವ್ವನ ಪ್ರಶ್ನೆ ಸರಿಯಾಗೇ ಇದೆ. ಅದಕ್ಕೆ ಉತ್ತರ ಗೊತ್ತಾದ್ರೆ ಬ್ರಿಡ್ಜ್ ಅಂದ್ರೆ ಏನು ಅನ್ನೋದು ಪೂರ್ತಿ ಗೊತ್ತಾದ ಹಾಗೆ.

01:30 ಒಂದು ಹಲ್ಲು ಹೋದ್ರೆ ಏನಾಗುತ್ತೆ?

ಮೊದಲು, ಖಾಲಿ ಜಾಗ ಹಾಗೇ ಬಿಟ್ರೆ ಏನಾಗುತ್ತೆ ನೋಡೋಣ. ಹಲ್ಲುಗಳು ಗೋಡೆಯ ಕಲ್ಲಿನ ಹಾಗೆ ಒಂದೇ ಕಡೆ ಗಟ್ಟಿಯಾಗಿ ಕೂತಿರಲ್ಲ. ಪಕ್ಕದ ಹಲ್ಲು, ಎದುರಿನ ಹಲ್ಲು ಒಂದಕ್ಕೊಂದು ಒತ್ತು ಕೊಟ್ಕೊಂಡು ನಿಂತಿರ್ತವೆ. ಒಂದು ಹೋದ್ರೆ ಹಿಂದಿನ ಹಲ್ಲು ಆ ಜಾಗದ ಕಡೆ ನಿಧಾನಕ್ಕೆ ವಾಲಬಹುದು. ಮೇಲಿನ ಹಲ್ಲಿಗೆ ಎದುರು ಯಾರೂ ಇಲ್ಲ ಅಂತ ಅದು ಕೆಳಗೆ ಇಳಿಯಬಹುದು. ಹಲ್ಲಿದ್ದ ಜಾಗದ ಮೂಳೆಯೂ ಸವೆಯುತ್ತೆ. ಅದರಲ್ಲಿ ಹೆಚ್ಚಿನ ಪಾಲು ಸವೆಯೋದು ಮೊದಲ ಒಂದು ವರ್ಷದಲ್ಲೇ.

ಹಾಗಂತ ಪ್ರತಿ ಖಾಲಿ ಜಾಗವನ್ನೂ ತುಂಬಿಸಲೇಬೇಕು ಅಂತೇನಿಲ್ಲ. ಬುದ್ಧಿ ಹಲ್ಲು ಕೀಳಿಸಿದ್ರೆ ಅಲ್ಲಿ ಮತ್ತೆ ಹಲ್ಲು ಕಟ್ಟಿಸೋ ಅಗತ್ಯ ಬರಲ್ಲ. ಆದ್ರೆ ನಮ್ಮ ಹುಡುಗನಿಗೆ ಹೋಗಿರೋದು ಅಗಿಯೋ ಕೆಲಸದ ಮುಖ್ಯ ಹಲ್ಲು. ಸುಮಾರು ಆರನೇ ವರ್ಷಕ್ಕೆ ಬರೋ ಮೊದಲ ದವಡೆ ಹಲ್ಲು ಅದು. ಹಾಲು ಹಲ್ಲು ಇನ್ನೂ ಬೀಳುತ್ತಿರುವಾಗಲೇ ಹಿಂದೆ ಸದ್ದಿಲ್ಲದೆ ಬರುತ್ತೆ. ಇದೂ ಹಾಲು ಹಲ್ಲೇ, ಬಿದ್ದು ಮತ್ತೆ ಬರುತ್ತೆ ಅಂತ ಎಷ್ಟೋ ಮನೆಯಲ್ಲಿ ಅಂದ್ಕೊಂಡುಬಿಡ್ತಾರೆ. ಅದು ಬೀಳೋದೂ ಇಲ್ಲ, ಕಿತ್ತ ಮೇಲೆ ಮತ್ತೆ ಬರೋದೂ ಇಲ್ಲ.

03:00 ಬ್ರಿಡ್ಜ್ ನಿಲ್ಲೋದು ಯಾವುದರ ಮೇಲೆ?

ಈಗ ಅವ್ವನ ಪ್ರಶ್ನೆಗೆ ಬರೋಣ. ಬ್ರಿಡ್ಜ್ ಅಂದ್ರೆ ಸೇತುವೆ. ಹಳ್ಳದ ಎರಡು ದಡದಲ್ಲಿ ಎರಡು ಕಂಬ, ನಡುವೆ ಹಾಸು. ಬಾಯಲ್ಲೂ ಹಾಗೇ. ಖಾಲಿ ಜಾಗದ ಮುಂದೊಂದು ಹಲ್ಲು, ಹಿಂದೊಂದು ಹಲ್ಲು. ಇವೆರಡೂ ಕಂಬ. ಇವಕ್ಕೆ ಆಧಾರ ಹಲ್ಲು ಅಂತಾರೆ. ಈ ಎರಡನ್ನೂ ಸುತ್ತ ತೇಯ್ದು ಸಣ್ಣದು ಮಾಡಿ, ಮೇಲೆ ಕ್ಯಾಪ್ ಕೂರಿಸ್ತಾರೆ. ಎರಡು ಕ್ಯಾಪ್‌ಗಳ ನಡುವೆ ಒಂದು ಕೃತಕ ಹಲ್ಲು ಅಂಟಿಕೊಂಡೇ ಇರುತ್ತೆ. ಮೂರೂ ಸೇರಿ ಒಂದೇ ತುಂಡು. ಸಿಮೆಂಟ್ ಹಾಕಿ ಕೂರಿಸಿದ ಮೇಲೆ ನೀವು ಕೈಯಿಂದ ತೆಗೆಯೋಕಾಗಲ್ಲ.

ಹೋಗಿದ್ದು ಒಂದೇ ಹಲ್ಲಾದ್ರೂ ಲ್ಯಾಬ್‌ನಲ್ಲಿ ತಯಾರಾಗೋದು ಮೂರು ಹಲ್ಲು. ಒಂದೊಂದನ್ನೂ ಒಂದು ಯೂನಿಟ್ ಅಂತ ಲೆಕ್ಕ ಹಾಕ್ತಾರೆ. ಮೂರು ಹಲ್ಲಿನ ರೊಕ್ಕ ಅದಕ್ಕೇ.

ಆದ್ರೆ ರೊಕ್ಕಕ್ಕಿಂತ ದೊಡ್ಡ ಲೆಕ್ಕ ಇನ್ನೊಂದಿದೆ. ಆ ಎರಡು ಆಧಾರ ಹಲ್ಲುಗಳು ಕೊಡೋ ಬೆಲೆ. ಕ್ಯಾಪ್‌ಗೆ ಜಾಗ ಮಾಡೋಕೆ ಹಲ್ಲಿನ ಸುತ್ತಲೂ, ಮೇಲೂ ಸುಮಾರು ಒಂದರಿಂದ ಎರಡು ಮಿಲಿಮೀಟರ್ ತೇಯಬೇಕಾಗುತ್ತೆ. ಕೇಳೋಕೆ ಕಡಿಮೆ ಅನ್ಸುತ್ತೆ. ಆದ್ರೆ ಒಸಡಿನ ಮೇಲೆ ಕಾಣೋ ಹಲ್ಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಇದರಲ್ಲೇ ಹೋಗಬಹುದು. ಒಮ್ಮೆ ತೇಯ್ದ ದಂತಕವಚ, ಅಂದ್ರೆ ಎನಾಮೆಲ್, ಮತ್ತೆ ಬೆಳೆಯಲ್ಲ. ಹಾಗಾಗಿ ಬ್ರಿಡ್ಜ್ ಹಾಕಿಸೋ ನಿರ್ಧಾರ ಹೋದ ಹಲ್ಲಿನ ಬಗ್ಗೆ ಅಲ್ಲ, ಉಳಿದಿರೋ ಎರಡು ಹಲ್ಲಿನ ಬಗ್ಗೆ. ಇವತ್ತಿನ ಸಂಚಿಕೆಯಲ್ಲಿ ಒಂದೇ ಮಾತು ನೆನಪಿಟ್ಕೊಳ್ತೀರಿ ಅಂದ್ರೆ ಇದನ್ನೇ ಇಟ್ಕೊಳ್ಳಿ.

ಪಕ್ಕದ ಎರಡೂ ಹಲ್ಲಿಗೆ ಈಗಾಗಲೇ ದೊಡ್ಡ ಫಿಲ್ಲಿಂಗ್ ಆಗಿದೆ, ಇಲ್ಲಾ ರೂಟ್ ಕೆನಾಲ್ ಆಗಿದೆ ಅಂದ್ಕೊಳ್ಳಿ. ಅವಕ್ಕೆ ಹೇಗೂ ಕ್ಯಾಪ್ ಬೇಕು. ಆಗ ಬ್ರಿಡ್ಜ್ ಬುದ್ಧಿವಂತಿಕೆಯ ಆಯ್ಕೆ. ಎರಡೂ ಹಲ್ಲು ಒಂದು ಚುಕ್ಕಿ ಹುಳುಕೂ ಇಲ್ಲದೆ ಗಟ್ಟಿಯಾಗಿದ್ರೆ, ಅವನ್ನ ತೇಯೋ ಮುಂಚೆ ಬೇರೆ ದಾರಿ ಇದೆಯಾ ಅಂತ ಕೇಳಲೇಬೇಕು.

05:15 ಎಷ್ಟು ವರ್ಷ ಬಾಳಿಕೆ ಬರುತ್ತೆ?

ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಶ್ಲೇಷಣೆ 2004ರಲ್ಲಿ ಪ್ರಕಟವಾಯ್ತು. ಅದರ ಪ್ರಕಾರ 10 ವರ್ಷ ಆದ ಮೇಲೂ 100ರಲ್ಲಿ ಸುಮಾರು 89 ಬ್ರಿಡ್ಜ್‌ಗಳು ಬಾಯಲ್ಲೇ ಇದ್ದವು. ಒಳ್ಳೆ ಸುದ್ದಿ. ಆದ್ರೆ ಯಾವ ತೊಂದರೆಯೂ ಇಲ್ಲದೆ ಉಳಿದವು ಸುಮಾರು 71. ಮಿಕ್ಕವುಗಳಲ್ಲಿ ಕಂಡ ತೊಂದರೆಗಳಲ್ಲಿ ಮುಖ್ಯವಾದವು ಆಧಾರ ಹಲ್ಲು ಹುಳುಕಾಗೋದು, ಅದರ ನರ ಸಾಯೋದು. ನರ ಸತ್ತರೆ ಕ್ಯಾಪ್ ಒಳಗಿರೋ ಹಲ್ಲಿಗೆ ರೂಟ್ ಕೆನಾಲ್ ಬೇಕಾಗುತ್ತೆ.

24ನೇ ವಯಸ್ಸಿಗೆ ಹಾಕಿಸಿದ ಬ್ರಿಡ್ಜ್ ಜೀವನಪೂರ್ತಿ ಇರುತ್ತೆ ಅಂತ ಲೆಕ್ಕ ಹಾಕಬೇಡಿ. ಇವತ್ತು ಎಳೆ ವಯಸ್ಸಿನವರು ಒಂದು ಸಲ ಅಲ್ಲ, ಮುಂದೆ ಒಂದೆರಡು ಸಲ ಬದಲಾಯಿಸೋ ಖರ್ಚನ್ನೂ ಮನಸ್ಸಲ್ಲಿ ಇಟ್ಕೊಬೇಕು.

06:30 ಬೇರೆ ದಾರಿಗಳು ಯಾವುವು?

ಮೊದಲನೆಯದು, ತೆಗೆದು ಹಾಕೋ ಹಲ್ಲು. ಕಡಿಮೆ ಖರ್ಚು, ಪಕ್ಕದ ಹಲ್ಲನ್ನ ತೇಯೋದಿಲ್ಲ ಅಥವಾ ತೀರಾ ಕಡಿಮೆ ತೇಯ್ತಾರೆ. ರಾತ್ರಿ ತೆಗೆದಿಡಬೇಕು. ಕೆಲವರಿಗೆ ಕಿರಿಕಿರಿ ಅನ್ಸುತ್ತೆ.

ಎರಡನೆಯದು, ಇಂಪ್ಲಾಂಟ್. ಮೂಳೆಯೊಳಗೆ ಟೈಟಾನಿಯಂನ ಸಣ್ಣ ಸ್ಕ್ರೂ ಕೂರಿಸಿ, ಮೇಲೆ ಹಲ್ಲು ಹಾಕೋದು. ಸ್ವೀಡನ್‌ನ ಪರ್-ಇಂಗ್ವಾರ್ ಬ್ರಾನೆಮಾರ್ಕ್ 1965ರಲ್ಲಿ ಮನುಷ್ಯನ ಬಾಯಿಗೆ ಮೊದಲು ಇದನ್ನ ಬಳಸಿದ್ರು. ಪಕ್ಕದ ಹಲ್ಲನ್ನ ಮುಟ್ಟೋದೇ ಇಲ್ಲ ಅನ್ನೋದು ಇದರ ದೊಡ್ಡ ಲಾಭ. ಆದ್ರೆ ಖರ್ಚು ಜಾಸ್ತಿ, ಮೂಳೆ ಸಾಕಷ್ಟಿರಬೇಕು, ಕೂಡಿಕೊಳ್ಳೋಕೆ ಕೆಲವು ತಿಂಗಳು ಕಾಯಬೇಕು. ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದವರಿಗೆ, ಸಿಗರೇಟು ಬೀಡಿ ಜಾಸ್ತಿ ಸೇದುವವರಿಗೆ ಇದು ಫೇಲ್ ಆಗೋ ಸಾಧ್ಯತೆ ಹೆಚ್ಚು.

ಮೂರನೆಯದು, ಮೇರಿಲ್ಯಾಂಡ್ ಬ್ರಿಡ್ಜ್. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದ ಆರಂಭದಲ್ಲಿ ರೂಪುಗೊಂಡಿದ್ದರಿಂದ ಈ ಹೆಸರು. ಇದರಲ್ಲಿ ಪಕ್ಕದ ಹಲ್ಲಿಗೆ ಪೂರ್ತಿ ಕ್ಯಾಪ್ ಹಾಕಲ್ಲ. ಕೃತಕ ಹಲ್ಲಿಗೆ ಚಿಕ್ಕ ರೆಕ್ಕೆ ಇರುತ್ತೆ. ಆ ರೆಕ್ಕೆಯನ್ನ ಪಕ್ಕದ ಹಲ್ಲಿನ ಹಿಂಬದಿಗೆ ಅಂಟಿಸ್ತಾರೆ. ಬೈಕಿಂದ ಬಿದ್ದು ಮುಂದಿನ ಒಂದು ಹಲ್ಲು ಕಳಕೊಂಡ 19 ವರ್ಷದ ಹುಡುಗಿಗೆ, ಪಕ್ಕದ ಹಲ್ಲು ಚೆನ್ನಾಗಿದ್ರೆ, ಇದು ಒಳ್ಳೆ ದಾರಿ ಆಗಬಹುದು. ಭಾರ ಜಾಸ್ತಿ ಬೀಳೋ ದವಡೆ ಹಲ್ಲಿಗೆ ಅಷ್ಟು ಸೂಕ್ತ ಅಲ್ಲ.

ಇಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ವಿಶೇಷ ಮಾತು. ಗದಗ ಜಿಲ್ಲೆಯ ಹಲವು ಹಳ್ಳಿಗಳ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಚಿಕ್ಕಂದಿನಿಂದ ಆ ನೀರು ಕುಡಿದವರ ಹಲ್ಲಿನ ಮೇಲೆ ಬಿಳಿ, ಕಂದು ಕಲೆ ಇರುತ್ತೆ. ಕಲೆ ಜೋರಾಗಿದ್ರೆ ಅಂಟು ಸರಿಯಾಗಿ ಹಿಡಿಯೋದು ಕಷ್ಟ ಆಗಬಹುದು. ಹಾಗಾಗಿ ಮೇರಿಲ್ಯಾಂಡ್ ಬ್ರಿಡ್ಜ್ ಮಾತು ಬಂದಾಗ ಇದನ್ನ ಕೇಳಿ. ಬಣ್ಣದ ವಿಷಯವೂ ಅಷ್ಟೆ. ಉಳಿದ ಹಲ್ಲಿಗೆ ಹೊಂದೋ ಬಣ್ಣವನ್ನ ಮೊದಲೇ, ಹಗಲಿನ ಬೆಳಕಲ್ಲಿ ನೋಡಿ ಒಪ್ಪಿಕೊಳ್ಳಿ.

09:00 “ಅರ್ಧ ತಾಸಿನಾಗ ಹಲ್ಲು ಕಟ್ಟಿ ಕೊಡ್ತೀನಿ”

ಇದು ಸ್ವಲ್ಪ ಗಂಭೀರ ವಿಷಯ. ಸಂತೆ, ಜಾತ್ರೆ, ಬಸ್‌ಸ್ಟ್ಯಾಂಡ್ ಬದಿ ಹಲ್ಲು ಕಟ್ಟುವವರನ್ನ ನೀವು ನೋಡಿರಬಹುದು. ಎಕ್ಸ್‌ರೇ ಇಲ್ಲ, ಲ್ಯಾಬ್ ಇಲ್ಲ. ಬೇಗ ಗಟ್ಟಿಯಾಗೋ ಪ್ಲಾಸ್ಟಿಕ್ಕನ್ನ, ಕೆಲವೊಮ್ಮೆ ತಂತಿ ಸುತ್ತಿ, ಪಕ್ಕದ ಹಲ್ಲಿಗೆ ಮೆತ್ತಿಬಿಡ್ತಾರೆ. ಮದುವೆ ವಾರದಲ್ಲಿದೆ, ಕೈಯಲ್ಲಿ ರೊಕ್ಕ ಕಡಿಮೆ ಇದೆ ಅನ್ನೋವಾಗ ಇದು ಸುಲಭ ಅನ್ಸುತ್ತೆ. ಫೋಟೋದಲ್ಲಿ ಚೆನ್ನಾಗೂ ಕಾಣುತ್ತೆ.

ಆದ್ರೆ ಆ ಪ್ಲಾಸ್ಟಿಕ್ ಒಸಡಿನ ಮೇಲೇ ಕೂತಿರುತ್ತೆ. ಅದರ ಕೆಳಗೆ ಬ್ರಷ್ ಹೋಗಲ್ಲ. ಊಟ ಕೊಳೆಯುತ್ತೆ, ಒಸಡು ಊದಿಕೊಳ್ಳುತ್ತೆ, ಚೆನ್ನಾಗಿದ್ದ ಪಕ್ಕದ ಹಲ್ಲುಗಳೂ ಅಲುಗಾಡೋಕೆ ಶುರು ಆಗ್ತವೆ. ಒಂದು ಹಲ್ಲು ಕಟ್ಟಿಸೋಕೆ ಹೋದವರು ಮೂರು ಕೀಳಿಸೋ ಸ್ಥಿತಿಗೆ ಬರ್ತಾರೆ. ದಂತವೈದ್ಯ ವೃತ್ತಿಗೆ ನೋಂದಣಿ ಕಡ್ಡಾಯ ಅನ್ನೋದು 1948ರ ಕಾಯ್ದೆಯಿಂದಲೇ ಇರೋ ನಿಯಮ. ನಮ್ಮಲ್ಲಿ ನೋಂದಣಿ ಮಾಡೋದು ಕರ್ನಾಟಕ ರಾಜ್ಯ ದಂತವೈದ್ಯ ಪರಿಷತ್ತು. ನೋಂದಣಿ ಸಂಖ್ಯೆ ಕೇಳೋಕೆ ಸಂಕೋಚ ಬೇಡ.

ಹಾಗಾದ್ರೆ ಕಡಿಮೆ ಖರ್ಚಿಗೆ ಎಲ್ಲಿ ಹೋಗೋದು? ಡೆಂಟಲ್ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಉಸ್ತುವಾರಿಯಲ್ಲಿ ಕೆಲಸ ಮಾಡ್ತಾರೆ. ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಶುಲ್ಕ ಕಡಿಮೆ, ಸಮಯ ಮಾತ್ರ ಜಾಸ್ತಿ ಹಿಡಿಯುತ್ತೆ. ನಮ್ಮ ಕಡೆಯವರಿಗೆ ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜು, ಬಾಗಲಕೋಟೆಯ ಪಿಎಂಎನ್‌ಎಂ ಡೆಂಟಲ್ ಕಾಲೇಜು ಇವೆ. ಇನ್ನು ಮನೆಯಲ್ಲಿ ಅಜ್ಜ ಅಜ್ಜಿಗೆ ಹಲ್ಲೇ ಇಲ್ಲ ಅಂದ್ರೆ, ರಾಜ್ಯ ಸರ್ಕಾರ 2014-15ರ ಹೊತ್ತಿಗೆ ಶುರು ಮಾಡಿದ ‘ದಂತಭಾಗ್ಯ’ ಯೋಜನೆ ಬಗ್ಗೆ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ. ಅದು ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಸೆಟ್ ಹಲ್ಲು ಕೊಡೋ ಯೋಜನೆ. ಯುವಕರ ಬ್ರಿಡ್ಜ್‌ಗೆ ಅಲ್ಲ.

11:15 ಬ್ರಿಡ್ಜ್ ಹಾಕೋದು ಹೇಗೆ?

ಹಲ್ಲು ಕೀಳಿಸಿದ ಮೇಲೆ ಗಾಯ ಮಾಗಿ ಒಸಡು ಒಂದು ಆಕಾರಕ್ಕೆ ಬರೋಕೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಆಮೇಲೆ ಎಕ್ಸ್‌ರೇ ತೆಗೆದು ಆಧಾರ ಹಲ್ಲಿನ ಬೇರು, ಮೂಳೆ ನೋಡ್ತಾರೆ. ಬೇರು ಗಟ್ಟಿ ಇಲ್ಲದಿದ್ರೆ ಮೇಲೆ ಎಷ್ಟು ಚೆಂದದ ಬ್ರಿಡ್ಜ್ ಇಟ್ಟರೂ ನಿಲ್ಲಲ್ಲ. ಇಲ್ಲೇ ಗುಟ್ಕಾ ಮಾತೂ ಬರುತ್ತೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಗಿದ್ದು 2013ರಲ್ಲಿ. ಆದ್ರೂ ತಂಬಾಕು ಬೇರೆ ಬೇರೆ ಚೀಟಿನಲ್ಲಿ ಜೇಬಿಗೆ ಬರ್ತಾನೇ ಇದೆ. ಅದು ಒಸಡು, ಮೂಳೆ ಎರಡನ್ನೂ ಹಾಳು ಮಾಡುತ್ತೆ. ಅಂದ್ರೆ ಕಂಬದ ಬುಡವನ್ನೇ.

ಮೊದಲ ಭೇಟಿಯಲ್ಲಿ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಹಲ್ಲು ತೇಯ್ತಾರೆ, ಅಳತೆ ತಗೊಳ್ತಾರೆ, ತಾತ್ಕಾಲಿಕ ಹಲ್ಲು ಹಾಕ್ತಾರೆ. ಅಳತೆ ಲ್ಯಾಬ್‌ಗೆ ಹೋಗುತ್ತೆ. ಒಂದೆರಡು ವಾರದಲ್ಲಿ ತಯಾರಾಗಿ ಬಂದದ್ದನ್ನ ಕೂರಿಸಿ, ಕಚ್ಚಿಸಿ ನೋಡಿ, ಸರಿ ಇದ್ರೆ ಸಿಮೆಂಟ್ ಹಾಕ್ತಾರೆ. ಒಟ್ಟು ಎರಡು ಮೂರು ಸಲ ಓಡಾಟ.

ಒಳಗೆ ಲೋಹ, ಮೇಲೆ ಪಿಂಗಾಣಿ ಇರೋದು ಒಂದು ಬಗೆ. ಮೇಲಿನ ಪಿಂಗಾಣಿ ಚಕ್ಕೆ ಏಳೋ ಸಾಧ್ಯತೆ ಇರುತ್ತೆ. ಪೂರ್ತಿ ಜಿರ್ಕೋನಿಯಾದ್ದು ಇನ್ನೊಂದು ಬಗೆ. ಲೋಹದ ಗೆರೆ ಕಾಣಲ್ಲ, ಗಟ್ಟಿ, ಬೆಲೆ ಹೆಚ್ಚು. ಯಾವುದು ಹಾಕಿದ್ರು ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಇನ್ನು, 18 ತುಂಬದವರಿಗೆ ಡಾಕ್ಟರು ಸಾಮಾನ್ಯವಾಗಿ ತೇಯೋ ಬ್ರಿಡ್ಜ್ ಹಾಕೋಕೆ ಒಪ್ಪಲ್ಲ. ದವಡೆ ಇನ್ನೂ ಬೆಳೀತಿರುತ್ತೆ, ಹಲ್ಲಿನೊಳಗಿನ ನರವೂ ದೊಡ್ಡದಿರುತ್ತೆ. ಅಲ್ಲಿವರೆಗೆ ತೆಗೆದು ಹಾಕೋ ಹಲ್ಲು ಸಾಕು.

13:00 ಹಾಕಿಸಿದ ಮೇಲೆ

ಕೃತಕ ಹಲ್ಲಿಗೆ ಹುಳುಕು ಬರಲ್ಲ. ಅದನ್ನ ಹೊತ್ತಿರೋ ಹಲ್ಲಿಗೆ ಬರುತ್ತೆ. ಸಾಮಾನ್ಯ ಬ್ರಷ್ ಬ್ರಿಡ್ಜ್ ಕೆಳಗೆ ಹೋಗಲ್ಲ. ಅದಕ್ಕೇ ಇರೋ ಸಣ್ಣ ಬ್ರಷ್ ಅಥವಾ ಒಂದು ತುದಿ ಗಟ್ಟಿ ಇರೋ ದಾರ ಸಿಗುತ್ತೆ. ದಿನಕ್ಕೊಮ್ಮೆ, ರಾತ್ರಿ ಊಟ ಆದ ಮೇಲೆ ಕೃತಕ ಹಲ್ಲಿನ ಕೆಳಗೆ ಅದನ್ನ ಆಡಿಸಿ. ಮೊದಲ ಸಲ ಡಾಕ್ಟರ್ ಮುಂದೆಯೇ ಮಾಡಿ ತೋರಿಸಿ. ವರ್ಷಕ್ಕೆ ಒಮ್ಮೆಯಾದ್ರೂ ತೋರಿಸ್ಕೊಂಡು ಬನ್ನಿ. ರೊಟ್ಟಿ, ಶೇಂಗಾ ಆರಾಮಾಗಿ ತಿನ್ನಿ. ಆದ್ರೆ ಮುಂದಿನ ಹಲ್ಲಿಗೆ ಬ್ರಿಡ್ಜ್ ಇದ್ರೆ ಕಬ್ಬು ಸಿಗಿಯೋದು, ಸೋಡಾ ಬಾಟಲಿ ಮುಚ್ಚಳ ಕಚ್ಚಿ ತೆಗೆಯೋದು ಬೇಡ.

ಕೊನೆಗೆ, ಕುರ್ಚಿಯಲ್ಲಿ ಮಲಗೋ ಮುಂಚೆ ಡಾಕ್ಟರ್‌ಗೆ ನಾಲ್ಕು ಪ್ರಶ್ನೆ ಕೇಳಿ. ನನ್ನ ಪಕ್ಕದ ಎರಡು ಹಲ್ಲು ಹೇಗಿವೆ, ಎಕ್ಸ್‌ರೇಯಲ್ಲಿ ತೋರಿಸ್ತೀರಾ? ಅವನ್ನ ತೇಯದೆ ಆಗೋ ದಾರಿ ನನಗೆ ಇದೆಯಾ? ಒಟ್ಟು ಎಷ್ಟು ಯೂನಿಟ್, ಯಾವ ಮೆಟೀರಿಯಲ್, ಎಷ್ಟು ಖರ್ಚು? ಮುಂದೆ ಒಂದು ಆಧಾರ ಹಲ್ಲು ಕೆಟ್ಟರೆ ಏನು ಮಾಡ್ತೀರಿ? ಈ ನಾಲ್ಕಕ್ಕೆ ಸಮಾಧಾನವಾಗಿ ಉತ್ತರ ಕೊಡೋ ಡಾಕ್ಟರ್ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ನಮ್ಮ ನರೇಗಲ್ ಹುಡುಗ ಅವ್ವನಿಗೆ ಈಗ ಉತ್ತರ ಹೇಳಬಹುದು: “ಯವ್ವಾ, ಹೋಗಿದ್ದು ಒಂದ ಹಲ್ಲು ಖರೆ. ಆದ್ರ ಅದನ್ನ ಹೊರಾವು ಎರಡು ಅದಾವು. ಮೊದಲ ಅವು ಹೆಂಗದಾವು ನೋಡೂಣು, ಆಮ್ಯಾಲ ರೊಕ್ಕದ ಮಾತು.”

ಹಲ್ಲು ಕೀಳಿಸಿ “ಬಿಡಲೇ” ಅಂತ ಕೂತಿರೋ ಗೆಳೆಯ ಯಾರಾದ್ರೂ ಇದ್ರೆ, ಈ ಸಂಚಿಕೆ ಅವನಿಗೆ ಕಳಿಸಿ.