ಕುಡಿತಕ್ಕೆ ಚಿಕಿತ್ಸೆ: ಹೋಗಿ ಬರುವುದೋ, ಸೇರಿಕೊಳ್ಳುವುದೋ?



ಮನೆ ರಿಪೇರಿ, ಮಗಳ ಮದುವೆ, ಕಣ್ಣಿನ ಆಪರೇಷನ್ ಎಲ್ಲವನ್ನೂ ಕೊಯ್ಲು ಮುಗಿದ ಮೇಲೆ ಎಂದು ಮುಂದೂಡುವುದು ನಮ್ಮೆಲ್ಲರ ಅಭ್ಯಾಸ. ನಮ್ಮ ಸದಸ್ಯರೊಬ್ಬರ ಮನೆಯವರು ಅವರ ಕುಡಿತದ ಚಿಕಿತ್ಸೆಯನ್ನೂ ಹಾಗೆಯೇ ಮುಂದೂಡಿದರು. ಒಂದು ದಿನ ಅವರೇ ಹಠ ತೊಟ್ಟು ಕುಡಿತ ನಿಲ್ಲಿಸಿಬಿಟ್ಟರು. ಮನೆಯವರಿಗೆ ಸಂತೋಷವಾಯಿತು. ಮರುದಿನ ಕೈ ನಡುಗತೊಡಗಿತು. ಎರಡನೆಯ ರಾತ್ರಿ ಫಿಟ್ಸ್ ಬಂತು. ಜೀಪಿನಲ್ಲಿ ಆಸ್ಪತ್ರೆಗೆ ಒಯ್ದಿದ್ದರಿಂದ ಜೀವ ಉಳಿಯಿತು.

ಬಹುಕಾಲ ದಿನವೂ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ, 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ನಿದ್ರಾಹೀನತೆ ಕಾಣಿಸಬಹುದು. ಫಿಟ್ಸ್ ಬರುವುದು ಸಾಮಾನ್ಯವಾಗಿ ಮೊದಲ 48 ಗಂಟೆಗಳಲ್ಲಿ. ಕೆಲವರಿಗೆ 2ರಿಂದ 4ನೆಯ ದಿನದಲ್ಲಿ ಬುದ್ಧಿಭ್ರಮಣೆಯಾಗಿ, ಇಲ್ಲದ್ದು ಕಣ್ಣಿಗೆ ಕಾಣುತ್ತದೆ. ಇದಕ್ಕೆ ತಕ್ಷಣ ಚಿಕಿತ್ಸೆ ಸಿಗದಿದ್ದರೆ ಪ್ರಾಣಾಪಾಯವುಂಟು. ಆದ್ದರಿಂದ ಮೊದಲು ವೈದ್ಯರನ್ನು ಕಂಡು, ನಂತರವೇ ಕುಡಿತ ನಿಲ್ಲಿಸುವುದು ಕ್ಷೇಮ.

ಎಲ್ಲರೂ ಆಸ್ಪತ್ರೆ ಸೇರಬೇಕಾಗಿಲ್ಲ. ಹಿಂದೆ ಫಿಟ್ಸ್ ಬಂದಿಲ್ಲದಿದ್ದರೆ, ತೊಂದರೆ ಹಗುರವಾಗಿದ್ದರೆ, ಆಸ್ಪತ್ರೆ ಹತ್ತಿರವಿದ್ದು, ಲೆಕ್ಕವಿಟ್ಟು ಮಾತ್ರೆ ಕೊಡುವವರು ಮನೆಯಲ್ಲಿದ್ದರೆ, ಹೋಗಿ ಬಂದೇ ಚಿಕಿತ್ಸೆ ಪಡೆಯಬಹುದು. ವೈದ್ಯರು ಸುಮಾರು ಒಂದು ವಾರ ಮಾತ್ರೆಯನ್ನು ಕ್ರಮವಾಗಿ ಇಳಿಸುತ್ತಾರೆ. ಬಿ1 ಜೀವಸತ್ವವನ್ನೂ ಕೊಡುತ್ತಾರೆ. ಖರ್ಚು ಕಡಿಮೆ, ತೋಟದ ಮೇಲೂ ಕಣ್ಣಿರುತ್ತದೆ.

ಸೇರಿಕೊಳ್ಳಲೇಬೇಕಾದವರೂ ಇದ್ದಾರೆ: ಹಿಂದೆ ಫಿಟ್ಸ್ ಅಥವಾ ಭ್ರಮೆ ಬಂದವರು, ನಡುಕ ತಡೆಯಲು ಬೆಳಿಗ್ಗೆಯೇ ಕುಡಿಯುವಷ್ಟು ವಿಪರೀತಕ್ಕೆ ಹೋದವರು, ಕಾಮಾಲೆ ಇಲ್ಲವೇ ಹೃದ್ರೋಗವಿರುವವರು, ಸಾಯುವ ಮಾತಾಡುವವರು, ತೋಟದ ಮನೆಯಲ್ಲಿ ಒಂಟಿಯಾಗಿರುವವರು, ಹೋಗಿ ಬಂದು ಮಾಡಿದ ಪ್ರಯತ್ನ ಮತ್ತೆ ಮತ್ತೆ ವಿಫಲವಾದವರು. ಇವರ ವಿಷಯದಲ್ಲಿ ನಾಚಿಕೆ, ಖರ್ಚು, ಕೊಯ್ಲು ಎಂಬ ನೆಪಗಳು ಬೇಡ.

ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎರಡೂ ಬಗೆಯ ಚಿಕಿತ್ಸೆಯಿದೆ. ಟೆಲಿ ಮನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಸಲಹೆ ದೊರೆಯುತ್ತದೆ. ಖಾಸಗಿ ಕೇಂದ್ರವಾದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ನೋಂದಣಿಯಾಗಿದೆಯೇ, ವೈದ್ಯರು ಬರುತ್ತಾರೆಯೇ ಎಂದು ಕೇಳಿರಿ. ಕಟ್ಟಿಹಾಕುವ, ಹೊಡೆಯುವ ಕಡೆಗೆ ಕಳುಹಿಸಬೇಡಿರಿ. ನಮ್ಮ ಕಡೆ ನಡೆಯುವ ಮದ್ಯವರ್ಜನ ಶಿಬಿರಗಳಿಗೆ ಹೋಗುವವರೂ ಮೊದಲು ವೈದ್ಯರಿಗೆ ತೋರಿಸಿಕೊಳ್ಳುವುದು ಒಳಿತು.

ಇನ್ನೊಂದು ಎಚ್ಚರಿಕೆ. ಕಾಫಿಯಲ್ಲೋ ಸಾರಿನಲ್ಲೋ ಗುಟ್ಟಾಗಿ ಪುಡಿ ಬೆರೆಸಿ ಕುಡಿತ ಬಿಡಿಸುವ ಉಪಾಯಕ್ಕೆ ಹೋಗದಿರಿ. ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಂ ಎಂಬ ಔಷಧವನ್ನು ತಿಳಿಯದೆ ನುಂಗಿದವನು ಕುಡಿದರೆ ಜೀವಕ್ಕೇ ಕುತ್ತು ಬರಬಹುದು.

ಎಲ್ಲಿ ಚಿಕಿತ್ಸೆ ಪಡೆದರೂ ಅದು ಆರಂಭ ಮಾತ್ರ. ಅಡಿಕೆಗೆ ಮಳೆಗಾಲದ ಮೊದಲು ಒಮ್ಮೆ ಬೋರ್ಡೋ ಹೊಡೆದು ಸುಮ್ಮನಾದರೆ ಕೊಳೆ ಬಿಡುತ್ತದೆಯೇ? 40-45 ದಿನಕ್ಕೆ ಮತ್ತೆ ಹೊಡೆಯುತ್ತೇವೆ. ಹಾಗೆಯೇ ಮೊದಲ ತಿಂಗಳುಗಳಲ್ಲಿ ವೈದ್ಯರ ಭೇಟಿ ತಪ್ಪಬಾರದು. ಫಸಲಿನ ಹಣ ಕೈಗೆ ಬರುವ ದಿನಗಳಲ್ಲಿ ವಿಶೇಷ ಎಚ್ಚರ ಬೇಕು; ಅವರ ಒಪ್ಪಿಗೆ ಪಡೆದು ಆ ಲೆಕ್ಕವನ್ನು ಮನೆಯವರೊಬ್ಬರು ನೋಡಿಕೊಳ್ಳಲಿ.

ಮೇಲೆ ಹೇಳಿದ ಸದಸ್ಯರು ಆಸ್ಪತ್ರೆಯಲ್ಲಿ ಮೂರು ವಾರವಿದ್ದು ಬಂದರು. ಆ ಮೂರು ವಾರ ಅವರ ಕೊಯ್ಲಿಗೆ ನೆರೆಯವರು ನಿಂತರು. ನಡುವೆ ಒಮ್ಮೆ ಜಾರಿದರೂ ಮರುದಿನವೇ ವೈದ್ಯರ ಬಳಿ ಹೋದರು. ಅವರೇ ಮುಂದೆ ಬಂದು, "ನನ್ನ ಸಂಗತಿ ಬರೆಯಿರಿ, ಯಾರಾದರೂ ನನ್ನಂತೆ ಕಾಯದಿರಲಿ" ಎಂದರು. ಅದರಂತೆ ಬರೆದಿದ್ದೇವೆ.