ಕಾಲುವೆಯ ಖರ್ಚು ಯಾರ ಬಾಬ್ತು?

ತುಮಕೂರು ಜಿಲ್ಲೆಯ ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡದ ಕಡೆ ‘ತಲಪರಿಗೆ’ ಎಂದರೆ ಮರಳು ನೆಲದಲ್ಲಿ ತಾನಾಗಿ ಜಿನುಗುವ ಒರತೆ. ಹೊಳೆಯ ಮಗ್ಗುಲಲ್ಲೋ ಕೆರೆಯಂಗಳದಲ್ಲೋ ಗುಂಡಿ ತೋಡಿ, ಒರತೆಯ ಕಣ್ಣು ಬಿಡಿಸಿ, ಅಲ್ಲಿಂದ ಗದ್ದೆಯವರೆಗೆ ಕಾಲುವೆ ತೆಗೆಯುತ್ತಾರೆ. ಪಂಪು, ಕರೆಂಟು ಏನೂ ಬೇಡ. ಇಳಿಜಾರಿದ್ದರೆ ನೀರು ಹರಿಯುತ್ತದೆ. ಆದರೆ ಜೋರು ಮಳೆ ಬಂದರೆ ಮರಳು ಕುಸಿದು ಕಣ್ಣು ಮುಚ್ಚಿಹೋಗುತ್ತದೆ, ಕಾಲುವೆಯಲ್ಲಿ ಜೊಂಡು ಎದ್ದು ನಿಲ್ಲುತ್ತದೆ. ಆಗ ಆ ನೀರುಣ್ಣುವ ಮನೆಮನೆಯಿಂದಲೂ ಒಬ್ಬೊಬ್ಬರು ಗುದ್ದಲಿ, ಮಂಕರಿ ಹಿಡಿದು ಬರಬೇಕು. ಬರದವರ ಸರದಿಗೆ ಕತ್ತರಿ ಬೀಳುತ್ತದೆ. ಇಲ್ಲಿ ಬಜೆಟ್ಟೂ ಇಲ್ಲ, ಟೆಂಡರೂ ಇಲ್ಲ. ದುಡಿಮೆಯೇ ಕಂದಾಯ.

ಕಣದಲ್ಲೇ ಸಂದಾಯ

ಕೆರೆಯ ಲೆಕ್ಕ ಇದಕ್ಕಿಂತ ದೊಡ್ಡದು. ಏರಿ, ತೂಬು, ಕೋಡಿ, ಕಾಲುವೆ ಇಷ್ಟನ್ನೂ ಕಾಯಲು ಬರೀ ಗುದ್ದಲಿ ಸಾಲದು. ಹಿಂದಿನವರು ಅದಕ್ಕೆ ಭೂಮಿಯನ್ನೇ ಕಟ್ಟಿಟ್ಟರು. ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಸಿಕ್ಕ ಜಮೀನು ಕಟ್ಟುಕೊಡಗೆ. ಕೆರೆಯ ಸಲುವಾಗಿ ಬಿಟ್ಟ ದತ್ತಿ ಬಿತ್ತುವಟ್ಟ. ಹೂಳು ಹೊರುವ ಕೆರೆಬಂಡಿಗೂ ದತ್ತಿ ಬಿಟ್ಟದ್ದು ಶಾಸನಗಳಲ್ಲಿದೆ. ತೂಬು ಎತ್ತಿ ಇಳಿಸುವ ನೀರುಗಂಟಿ ಹನ್ನೆರಡು ಆಯಗಾರರಲ್ಲಿ ಒಬ್ಬ. ಅವನಿಗೆ ಸಂಬಳವಿಲ್ಲ, ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಆಯ ಅಳೆಸಿಕೊಂಡು ಹೋಗುತ್ತಿದ್ದ. ನೀರು ಕೊನೆಯ ಗದ್ದೆ ಮುಟ್ಟದಿದ್ದರೆ ಆ ಕಣದಲ್ಲಿ ರಾಶಿಯಿಲ್ಲ, ಅವನಿಗೂ ಆಯವಿಲ್ಲ.

ಮೈಸೂರು ಸಂಸ್ಥಾನ ಈ ಹೊಣೆಯನ್ನು ಎರಡಾಗಿ ಹಂಚಿತು: ತೂಬು, ಕೋಡಿಯಂಥ ಕಲ್ಲುಗಾರೆಯ ಕೆಲಸ ಸರ್ಕಾರದ್ದು, ಏರಿಗೆ ಮಣ್ಣು ಹಾಕುವಂಥ ಕೆಲಸ ರೈತರದ್ದು.

ಈಗಿನ ಖಜಾನೆ

ಈಗ ಅಚ್ಚುಕಟ್ಟು 40 ಹೆಕ್ಟೇರಿನೊಳಗಿದ್ದರೆ ಕೆರೆ ಪಂಚಾಯತ್ ರಾಜ್ ವ್ಯವಸ್ಥೆಯ ಕೈಯಲ್ಲಿ. 40ರಿಂದ 2,000 ಹೆಕ್ಟೇರಿನವರೆಗೆ ಸಣ್ಣ ನೀರಾವರಿ ಇಲಾಖೆಯದು. ಸಿರಾ ಕಡೆಯ ಕೆರೆಗಳಿಗೆ ನೀರು ತರುವ ಹೇಮಾವತಿ ನಾಲೆ ಕಾವೇರಿ ನೀರಾವರಿ ನಿಗಮದ ಬಾಬ್ತು. ಇವಕ್ಕೆಲ್ಲ ಸರ್ಕಾರದ ಅನುದಾನವೇ ಮುಖ್ಯ ಆಸರೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ಬಂದ ಮೇಲೆ ಕಾಲುವೆ ಹೂಳೆತ್ತುವವರಿಗೆ ಕೂಲಿಯೂ ಸಿಕ್ಕಿತು. ನೀರ ಕಂದಾಯವೂ ಉಂಟು, ಆದರೆ ಅದರ ದರ ಕಡಿಮೆ, ವಸೂಲಿ ಇನ್ನೂ ಕಡಿಮೆ.

ಕೆರೆಗೆ ತನ್ನದೇ ಸಂಪಾದನೆಯೂ ಇದೆ. ಮುಖ್ಯವಾದದ್ದು ಮೀನು ಗುತ್ತಿಗೆ. ದೊಡ್ಡ ಕೆರೆಗಳ ಹರಾಜು ಮೀನುಗಾರಿಕೆ ಇಲಾಖೆಯದು, ಚಿಕ್ಕವುಗಳದ್ದು ಗ್ರಾಮ ಪಂಚಾಯ್ತಿಯದು. ಆ ಹಣ ಪಂಚಾಯ್ತಿಯ ಗಂಟಿಗೋ ಇಲಾಖೆಯ ಖಾತೆಗೋ ಸೇರಿದ ಮೇಲೆ ಅದೇ ಕೆರೆಯ ಕಾಲುವೆಗೆ ಮರಳುತ್ತದೆಂಬ ಖಾತ್ರಿಯಿಲ್ಲ. ಸಾಲದ್ದಕ್ಕೆ ಗುತ್ತಿಗೆದಾರನಿಗೆ ನೀರು ಕೆರೆಯಲ್ಲೇ ನಿಲ್ಲಬೇಕು, ಗದ್ದೆಯವನಿಗೆ ತೂಬು ಎತ್ತಬೇಕು.

ಈ ಗಂಟು ಬಿಡಿಸಲೆಂದೇ 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಜಲಸಂವರ್ಧನೆ ಯೋಜನೆ ಬಂತು. ತುಮಕೂರು ಜಿಲ್ಲೆಯೂ ಅದರಲ್ಲಿತ್ತು. ಊರೂರಲ್ಲಿ ಕೆರೆ ಬಳಕೆದಾರರ ಸಂಘ ಕಟ್ಟಿ, ಹೂಳೆತ್ತಿಸಿ, ಮುಂದಿನ ನಿರ್ವಹಣೆಯನ್ನು ಸಂಘಕ್ಕೇ ವಹಿಸುವುದು ಅದರ ಉದ್ದೇಶ. ಇಂಥ ಸಂಘ ನಡೆಯಬೇಕಾದರೆ ಯೋಜನೆಯ ದುಡ್ಡು ನಿಂತ ಮೇಲೂ ವರ್ಷಕ್ಕಿಷ್ಟು ಎಂದು ಬರುವ ಆದಾಯವಿರಬೇಕು.

ಬಿಸಿಲಿಗೆ ಬಾಡಿಗೆ, ನೀರಿಗೆ?

ಹಾಗೆ ವರ್ಷವರ್ಷವೂ ಬರುವ ಆದಾಯಕ್ಕೆ ಪಾವಗಡ ತಾಲ್ಲೂಕಿನಲ್ಲೇ ಒಂದು ಮಾದರಿಯಿದೆ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿದೆ. ಅಲ್ಲಿ ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ, ಎಲ್ಲವೂ ಕರಾರಿನಲ್ಲಿದೆ. ಬಿಸಿಲಿನ ಬಾಡಿಗೆ ಯಾರಿಗೆ, ಎಷ್ಟು, ಯಾವಾಗ ಎಂಬುದರಲ್ಲಿ ಗೊಂದಲವಿಲ್ಲ. ನೀರುಗಂಟಿಯ ಆಯವೂ ಅಂಥದೇ ಕರಾರು, ಕಾಗದ ಮಾತ್ರ ಇರಲಿಲ್ಲ.

ಒಡೆದ ತೂಬು ಕಟ್ಟಿಸಲು, ನಾಲೆಗೆ ಕಾಂಕ್ರೀಟು ಹಾಸಲು ಅನುದಾನ ಬೇಕೇ ಬೇಕು. ಊರಿನ ಕೈಯಲ್ಲಿ ಅದು ಆಗದು. ಆದರೆ ತೂಬು ಎತ್ತುವ ಮುಂಚೆ ಜೊಂಡು ಕೀಳುವ ಕೂಲಿ ಕೆರೆಯಿಂದಲೇ ಹುಟ್ಟಬೇಕು. ಮೀನು ಗುತ್ತಿಗೆಯ ಹಣದಲ್ಲಿ ಇಂತಿಷ್ಟು ಪಾಲು ಅದೇ ಕೆರೆಯ ಕಾಲುವೆಗೆ ಎಂದು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸುವುದು ಅದಕ್ಕೆ ಮೊದಲ ಹೆಜ್ಜೆ. ಬರೆಸುವುದಾದರೆ ಹರಾಜಿನ ದಿನಕ್ಕೆ ಮುಂಚೆಯೇ ಬರೆಸಬೇಕು.