ಹತ್ತರಿಂದ ಹನ್ನೊಂದಕ್ಕೆ: ಪರದೆಯ ಹಿಂದೆ ನಡೆಯುವುದೇನು?

2015ರ ಜುಲೈ 29ರಂದು ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮರುದಿನವೂ ಆ ಕಂಪ್ಯೂಟರುಗಳು ಎಂದಿನಂತೆ ಆನ್ ಆದವು. ಮುಖ್ಯವಾಗಿ ನಿಂತದ್ದು ಉಚಿತವಾಗಿ ಬರುತ್ತಿದ್ದ ಭದ್ರತಾ ಅಪ್‌ಡೇಟ್. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಅದನ್ನು ಇನ್ನೊಂದು ವರ್ಷ ಪಡೆಯುವ ಅವಕಾಶ ಸಿಕ್ಕಿತು.

ಅಪ್‌ಡೇಟ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2017ರ ಮೇ ತಿಂಗಳು ತೋರಿಸಿಕೊಟ್ಟಿದೆ. ವಿಂಡೋಸ್‌ನ ಫೈಲ್ ಹಂಚಿಕೆ ವ್ಯವಸ್ಥೆಯಲ್ಲಿದ್ದ ಒಂದು ದೋಷದ ಮೂಲಕ ‘ವನ್ನಾಕ್ರೈ’ ಎಂಬ ಕುತಂತ್ರಾಂಶ ಸುಮಾರು 150 ದೇಶಗಳ ಯಂತ್ರಗಳಿಗೆ ನುಗ್ಗಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳ ಭೇಟಿ, ಶಸ್ತ್ರಚಿಕಿತ್ಸೆಗಳು ರದ್ದಾದವು. ಆ ದೋಷಕ್ಕೆ ಪರಿಹಾರ ಮಾರ್ಚ್‌ನಲ್ಲೇ ಬಂದಿತ್ತು. ಅದನ್ನು ಹಾಕಿಕೊಳ್ಳದವರು ಸಿಕ್ಕಿಬಿದ್ದರು. 2014ರಲ್ಲೇ ಬೆಂಬಲ ಕಳೆದುಕೊಂಡಿದ್ದ ಎಕ್ಸ್‌ಪಿಗೆ ದಾಳಿಯ ನಂತರವಷ್ಟೇ ಎಲ್ಲರಿಗೂ ಸಿಗುವ ತುರ್ತು ಪರಿಹಾರ ಬಂತು.

ಹಾಗಾದರೆ ವಿಂಡೋಸ್ 11 ಹಾಕಿಸಿಬಿಟ್ಟರಾಯಿತಲ್ಲ? ಬಹಳ ಮನೆಗಳಲ್ಲಿ ತೊಡಕು ಶುರುವಾಗುವುದೇ ಇಲ್ಲಿ. ಅದು ಕೇಳುವ 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಹಳೆಯ ಯಂತ್ರಗಳಲ್ಲೂ ಇರುತ್ತವೆ. ಅಡ್ಡಬರುವುದು ಎರಡು ಷರತ್ತು: ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ಪೀಳಿಗೆಯ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು, ಜೊತೆಗೆ ಟಿಪಿಎಂ 2.0 ಇರಬೇಕು.

ಟಿಪಿಎಂ ಎಂದರೆ ಗುಪ್ತ ಕೀಲಿಗಳನ್ನು ಕಾಯುವ ಪುಟ್ಟ ಚಿಪ್. ಸ್ವಿಚ್ ಒತ್ತಿದ ಕ್ಷಣದಿಂದ ಓಡುವ ಒಂದೊಂದು ತಂತ್ರಾಂಶದ ತುಣುಕನ್ನೂ ಗಣಿತದ ಸೂತ್ರಕ್ಕೆ ಹಾಕಿ, ಅದರದ್ದೇ ಆದ ಒಂದು ಸಂಖ್ಯೆ ತೆಗೆಯಲಾಗುತ್ತದೆ. ಟಿಪಿಎಂ ಆ ಸಂಖ್ಯೆಯನ್ನು ತನ್ನಲ್ಲಿ ಆಗಲೇ ಇರುವ ಸಂಖ್ಯೆಯೊಂದಿಗೆ ಬೆಸೆದು ಹೊಸದೊಂದನ್ನು ಮಾಡಿಟ್ಟುಕೊಳ್ಳುತ್ತದೆ. ನಡುವೆ ಯಾರಾದರೂ ಒಂದೇ ಒಂದು ಅಕ್ಷರ ಬದಲಿಸಿದ್ದರೂ ಕೊನೆಯ ಸಂಖ್ಯೆ ತಾಳೆಯಾಗದು. ಡಿಸ್ಕ್‌ನ ಬೀಗದ ಕೀಲಿ ಹೊರಬರದು. ಹಲವು ಕಂಪ್ಯೂಟರುಗಳಲ್ಲಿ ಈ ಸೌಲಭ್ಯ ಪ್ರೊಸೆಸರಿನ ಜೊತೆಗೇ ಬಂದಿದ್ದರೂ ಆಫ್ ಆಗಿರುತ್ತದೆ. ಇಂಟೆಲ್ ಅದನ್ನು ‘ಪಿಟಿಟಿ’ ಎಂದೂ ಎಎಂಡಿ ‘ಎಫ್‌ಟಿಪಿಎಂ’ ಎಂದೂ ಕರೆಯುತ್ತದೆ. ಬಯೋಸ್‌ಗೆ ಹೋಗಿ ಆನ್ ಮಾಡಿದರೆ, ‘ಅರ್ಹವಲ್ಲ’ ಎನಿಸಿಕೊಂಡಿದ್ದ ಯಂತ್ರವೂ ಕೆಲವೊಮ್ಮೆ ಅರ್ಹವಾಗುತ್ತದೆ.

ಇನ್ನು ಅಪ್‌ಗ್ರೇಡ್. ವಾಸವಿರುವ ಮನೆಯ ತಳಪಾಯ ಬದಲಿಸುವಂಥ ಕೆಲಸವಿದು. ಓಡುತ್ತಿರುವ ವಿಂಡೋಸ್ ತನ್ನ ಫೈಲುಗಳನ್ನು ತಾನೇ ಕಿತ್ತುಹಾಕಲಾರದು. ಆದ್ದರಿಂದ ಹೊಸ ವ್ಯವಸ್ಥೆಯ ಫೈಲುಗಳು ಮೊದಲು ಸಿ ಡ್ರೈವಿನ ಒಂದು ಗುಪ್ತ ಫೋಲ್ಡರಿನಲ್ಲಿ ಬಂದು ಕೂರುತ್ತವೆ. ಕಂಪ್ಯೂಟರ್ ರೀಸ್ಟಾರ್ಟ್ ಆದಾಗ ಎಚ್ಚರವಾಗುವುದು ಹಳೆಯದೂ ಅಲ್ಲ, ಹೊಸದೂ ಅಲ್ಲ. ಈ ಕೆಲಸಕ್ಕೆಂದೇ ಇರುವ ಮೂರನೆಯದೊಂದು ಕಿರು ವಿಂಡೋಸ್. ಅದು ಹಳೆಯ ವ್ಯವಸ್ಥೆಯನ್ನು ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿಗೆ ಸರಿಸಿ, ಹೊಸದನ್ನು ಆ ಜಾಗದಲ್ಲಿ ಕೂರಿಸುತ್ತದೆ. ಮತ್ತೆರಡು ಬಾರಿ ರೀಸ್ಟಾರ್ಟ್ ಆಗುವಷ್ಟರಲ್ಲಿ ಡ್ರೈವರ್‌ಗಳು, ಸೆಟ್ಟಿಂಗ್‌ಗಳು, ಬಳಕೆದಾರರ ಖಾತೆಗಳು ಬಂದು ಸೇರುತ್ತವೆ. ಪರದೆಯ ಮೇಲೆ ಶೇಕಡಾವಾರು ಅಂಕಿ ಒಂದೇ ಕಡೆ ನಿಂತಂತೆ ಕಂಡರೂ ಒಳಗೆ ಈ ಸಾಗಾಟ ನಡೆದೇ ಇರುತ್ತದೆ. ಆಗ ಪವರ್ ಬಟನ್ ಒತ್ತಬಾರದು. ಎಡವಟ್ಟಾದರೆ ಹಳೆಯದಕ್ಕೇ ಮರಳುವ ಏರ್ಪಾಡು ಇದೆ. ಎಲ್ಲ ಸರಿಯಾದ ಮೇಲೂ, ಹೊಸದು ಒಗ್ಗದಿದ್ದರೆ ಹಿಂದಿರುಗಲು ಹತ್ತು ದಿನಗಳ ಅವಕಾಶವಿರುತ್ತದೆ.

ಅಂಗಡಿಯಲ್ಲಿ ‘ಫಾರ್ಮ್ಯಾಟ್ ಮಾಡಿ’ ಓಎಸ್ ಹಾಕಿಸುವುದು ಬೇರೆಯೇ ಮಾತು. ಅಲ್ಲಿ ಸಿ ಡ್ರೈವ್ ಪೂರ್ತಿ ಅಳಿಸಿಹೋಗುತ್ತದೆ. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್‌ನಲ್ಲಿರುವ ಫೋಟೊ, ಪತ್ರಗಳೂ ಸಾಮಾನ್ಯವಾಗಿ ಇರುವುದು ಅಲ್ಲಿಯೇ. ಮೊದಲೇ ಬೇರೊಂದು ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿಟ್ಟುಕೊಳ್ಳಬೇಕು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಕನ್ನಡದಲ್ಲಿ ಬರೆಯುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಕಡತದೊಳಗೆ ನಿಜವಾಗಿ ಕನ್ನಡ ಅಕ್ಷರಗಳಿರುವುದಿಲ್ಲ. ಅಲ್ಲಿ ‘ಕ’ ಎಂದರೆ ರೋಮನ್ ‘ಪಿ’ ಮತ್ತು ತಲೆಯ ಮೇಲೆ ಗೆರೆಯುಳ್ಳ ‘ಎ’. ಅವನ್ನು ಕನ್ನಡವಾಗಿ ತೋರಿಸುವುದು ಫಾಂಟ್. ಫಾರ್ಮ್ಯಾಟ್ ಆದಾಗ ಫಾಂಟೂ ಅಳಿಸಿದರೆ ವರ್ಷಗಳ ಬರಹ ಅರ್ಥವಾಗದ ಚಿಹ್ನೆಗಳ ಸಾಲಾಗಿ ತೆರೆದುಕೊಳ್ಳುತ್ತದೆ. ಬರಹವೇನೂ ಕಳೆದಿರುವುದಿಲ್ಲ; ಆ ಫಾಂಟನ್ನು ಮತ್ತೆ ಹಾಕಿದರೆ ಓದಲು ಬರುತ್ತದೆ. ಪರಿವರ್ತಕ ಬಳಸಿ ಯುನಿಕೋಡ್‌ಗೆ ಬದಲಿಸಿದರೆ ಫೋನಿನಲ್ಲೂ ಲಿನಕ್ಸ್‌ನಲ್ಲೂ ಓದಬಹುದು.

ವಿಂಡೋಸ್‌ಗೆ ಬದಲಿಯಾಗಬಲ್ಲ ಲಿನಕ್ಸ್ ಮಾತು ಬಂದದ್ದಕ್ಕೂ ಕಾರಣವಿದೆ. ಟಿಪಿಎಂ ಇಲ್ಲದ, ಹಳೆಯ ಪ್ರೊಸೆಸರಿನ ಗಟ್ಟಿಮುಟ್ಟಾದ ಕಂಪ್ಯೂಟರನ್ನು ಗುಜರಿಗೆ ಹಾಕಬೇಕಿಲ್ಲ. ಉಬುಂಟು ಅಥವಾ ಲಿನಕ್ಸ್ ಮಿಂಟನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ, ಹಾರ್ಡ್‌ಡಿಸ್ಕ್ ಮುಟ್ಟದೆ, ವೈಫೈ, ಪ್ರಿಂಟರ್, ಕನ್ನಡ ಟೈಪಿಂಗ್ ಎಲ್ಲವನ್ನೂ ಪರೀಕ್ಷಿಸಬಹುದು. ಅದು ಉಚಿತ, ಭದ್ರತಾ ಅಪ್‌ಡೇಟ್‌ಗಳೂ ಬರುತ್ತಿರುತ್ತವೆ.